ಅಜ್ಜ ನಿಲ್ಲಿಸುವ ಜಾಗ

ಆ ಕಟಿಂಗ್ ಶಾಪಿಗೆ ಬಂದು ತಲೆ ಕೊಟ್ಟವನು ಕಿವಿಯನ್ನೂ ಕೊಡಲೇಬೇಕಿತ್ತು. ಬೇರೆ ಅಂಗಡಿಗಳಲ್ಲಿ ಕತ್ತರಿಯ ಜೊತೆಗೆ ರಾಜಕೀಯ ನಡೆಯುತ್ತದೆ, ಪಕ್ಕದ ಮನೆಯವರ ಸಂಸಾರ ನಡೆಯುತ್ತದೆ. ಇಲ್ಲಿ ನಡೆಯುತ್ತಿದ್ದದ್ದು ಗಿಟಾರ್ ಮಾತ್ರ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಪೌಡರ್ ಡಬ್ಬಿ ಬ್ರಷ್ಷುಗಳ ನಡುವೆ, ಒಂದು ಹಳೇ ಟೇಪ್ ರೆಕಾರ್ಡರ್ ಯಜಮಾನನ ಹಾಗೆ ಕೂತಿರುತ್ತಿತ್ತು. ಕೂದಲು ಬೀಳಬಾರದೆಂದು ಅದಕ್ಕೊಂದು ಹೂವಿನ ಬಟ್ಟೆಯ ಮುಸುಕು ಬೇರೆ. ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟುವ ಮೊದಲು ಕ್ಷೌರಿಕ ಆ ಮುಸುಕು ತೆಗೆಯುತ್ತಿದ್ದ. ಅಲ್ಲಿಂದ ಮುಂದೆ ಏಳುವಂತಿಲ್ಲ. ಅರ್ಧ ಬೋಳಿಸಿದ ತಲೆ ಹೊತ್ತುಕೊಂಡು ಯಾವ ಮಾನವಂತ ತಾನೇ ಬೀದಿಗಿಳಿದಾನು?

ಅವನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಆದರೆ ನೆಂಟರಿಗೇನೂ ಕೊರತೆಯಿರಲಿಲ್ಲ. ತಾನು ಮೆಚ್ಚಿದ ಗಿಟಾರ್ ವಾದಕರಿಗೆಲ್ಲ ಒಂದೊಂದು ಸಂಬಂಧ ಕಟ್ಟಿಕೊಂಡಿದ್ದ. ದೊಡ್ಡಪ್ಪ ಎಂದರೆ ನಾಲ್ಕೇ ಸ್ವರದಲ್ಲಿ ಮಾತು ಮುಗಿಸುವವನು. ಅವನು ತಂತಿ ಮುಟ್ಟಿದ ಮೇಲೆ ಮನೆಯಲ್ಲಿ ಎದುರಾಡುವವರಿಲ್ಲ. ಸೋದರಮಾವ ಬಂದರೆ ಮನೆಯೆಲ್ಲ ಗದ್ದಲ, ಎಲ್ಲರ ಕಾಲೂ ಕುಣಿಯುತ್ತದೆ, ಹೋದ ಮೇಲೆ ನೋಡಿದರೆ ಹೇಳಿದ್ದೇನೂ ಇಲ್ಲ. "ಆದ್ರೂ ಮನೇಗೊಬ್ಬ ಮಾವ ಇರಬೇಕು ಸ್ವಾಮಿ" ಎನ್ನುತ್ತಿದ್ದ. ಚಿಕ್ಕಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಿಜವಾಗಿ ಸಿಟ್ಟು ಬಂದಾಗ ಮಾತ್ರ ಅವಳು ಮೆತ್ತಗೆ ನುಡಿಸುತ್ತಾಳೆ, ಆಗಲೇ ಹೆದರಬೇಕು. ಭಾವನದು ಇನ್ನೊಂದು ಥರ. ಅವನು ಎಂದೂ ಮುಂದೆ ಬಂದವನಲ್ಲ, ಹಾಡುವವರ ಬೆನ್ನಿಗೆ ನಿಂತು ಅವರಿಗಾಗಿ ಬಾಗಿಲು ತೆರೆದು ಹಿಡಿಯುವವನು. "ಹಾಡು ಬಿಡಿ, ಹಿಂದೆ ಯಾರೋ ಇದ್ದಾರಲ್ಲ, ಅವರನ್ನ ಕೇಳಿ" ಎಂದು ಕ್ಷೌರಿಕ ಗಿರಾಕಿಯ ತಲೆಯನ್ನೇ ಟೇಪ್ ರೆಕಾರ್ಡರಿನ ಕಡೆ ತಿರುಗಿಸುತ್ತಿದ್ದ. ತಂತಿಯ ಮೇಲೆ ಬೆರಳು ಜಾರುವಾಗ ಕಿರ್ ಎನ್ನುವ ಸಣ್ಣ ಸದ್ದಿದೆಯಲ್ಲ, ಅದನ್ನು ಕೇಳಿಯೇ ಯಾರು ಬಂದರೆಂದು ಹೇಳಬಲ್ಲವನಾಗಿದ್ದ. ಚಪ್ಪಲಿಯ ಸದ್ದಿನಿಂದ ಮನೆಯವರನ್ನು ಗುರುತು ಹಿಡಿಯುವುದಿಲ್ಲವೇ, ಹಾಗೆ.

ಇವರೆಲ್ಲರ ಮೇಲೆ ಅಜ್ಜ. ಆ ಹೆಸರು ಬಿದ್ದಾಗ ಆ ವಾದಕನಿಗೇನೂ ವಯಸ್ಸಾಗಿರಲಿಲ್ಲ. ಅವಸರವೇ ಇಲ್ಲದ ಕೈ, ಅದಕ್ಕೇ ಅಜ್ಜ. ಅಜ್ಜನದು ಒಂದೇ ಕ್ಯಾಸೆಟ್, ಅದರಲ್ಲಿ ಇದ್ದದ್ದು ಒಂದೇ ವಾದನ. ಎಂದೋ ರೇಡಿಯೋದಲ್ಲಿ ಬಂದಾಗ ತುಂಬಿಸಿಕೊಂಡದ್ದು, ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಅದರ ನಡುವೆ, ರಾಗ ಮೇಲೇರಿ ಇನ್ನೇನು ಬಾಯಿಬಿಟ್ಟು ಅಳಬೇಕು ಎನ್ನುವಾಗ, ಅಜ್ಜ ನಿಲ್ಲಿಸಿಬಿಡುತ್ತಾನೆ. ಒಂದು ದೀರ್ಘ ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ತಾಳ ಒಂದಿಷ್ಟೂ ತಪ್ಪದೆ, ಅತ್ತು ಮುಗಿಸಿ ಮುಖ ತೊಳೆದುಕೊಂಡವನ ಹಾಗೆ ಮುಂದುವರಿಯುತ್ತಾನೆ.

ಆ ಜಾಗ ಬಂದಾಗ ಕ್ಷೌರಿಕ ಕತ್ತರಿ ಮೇಲೆತ್ತಿ ನಿಂತುಬಿಡುತ್ತಿದ್ದ.

"ಕೇಳಿದ್ರಾ ಮೇಷ್ಟ್ರೇ? ಕೈ ನಿಲ್ತು, ತಾಳ ನಿಲ್ಲಲಿಲ್ಲ."

ಮೇಷ್ಟ್ರೆಂದರೆ ನಿವೃತ್ತರಾಗಿ ಹೊತ್ತು ಹೋಗದೆ ಎರಡು ದಿನಕ್ಕೊಮ್ಮೆ ಗಡ್ಡ ಮಾಡಿಸಿಕೊಳ್ಳುತ್ತಿದ್ದ ಹಳೇ ಗಿರಾಕಿ. "ಮಾತು ಬೆಳ್ಳಿ, ಮೌನ ಬಂಗಾರ ಅಂತ ಅದಕ್ಕೇ ಹೇಳಿರೋದು" ಎಂದು ನೊರೆಯೊಳಗಿಂದಲೇ ಅಪ್ಪಣೆ ಕೊಡಿಸುತ್ತಿದ್ದರು.

"ಬಂಗಾರ ಅಲ್ಲ ಮೇಷ್ಟ್ರೇ. ಎಲ್ಲರೂ ನುಡಿಸೋದು ಕಲೀತಾರೆ. ಇವನೊಬ್ಬ ಸುಮ್ಮನಿರೋದು ಕಲ್ತಿದ್ದಾನೆ."

ಪರದೆಯ ಆಚೆ, ಅಂಗಡಿಯ ಹಿಂದಿನ ಅರ್ಧದಲ್ಲಿ, ಅಕ್ಕನ ಹೊಲಿಗೆ ಮಿಷನ್ನೂ ಅದೇ ಹೊತ್ತಿಗೆ ನಿಲ್ಲುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮಿಷನ್ ಸಮೇತ ತಮ್ಮನ ಹತ್ತಿರ ಬಂದು ನೆಲೆಸಿದವಳು ಅವಳು. ಹರಿದದ್ದಕ್ಕೆ ತೇಪೆ, ಬಿಗಿಯಾದದ್ದಕ್ಕೆ ಸಡಿಲ, ಉದ್ದವಾದದ್ದಕ್ಕೆ ಮಡಿಕೆ, ಇದು ಅವಳ ಕಸುಬು. ಪರದೆಯಾಚೆ ಮಿಷನ್ ನಿಂತದ್ದು ಕೇಳಿ ಗಿರಾಕಿಗಳು, ಅಕ್ಕನಿಗೂ ತಮ್ಮನ ಹುಚ್ಚು ಹಿಡಿದಿದೆ ಎಂದುಕೊಳ್ಳುತ್ತಿದ್ದರು. ಅದು ಹುಚ್ಚಲ್ಲ, ಭಯ. ಅಜ್ಜ ಅಲ್ಲಿ ನಿಲ್ಲಿಸಿರಲಿಲ್ಲ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಆದದ್ದು ಇಷ್ಟೇ. ರೇಡಿಯೋದಲ್ಲಿ ಅಜ್ಜನ ಕಾರ್ಯಕ್ರಮ ಇದ್ದ ದಿನ ಊರಲ್ಲಿ ತಮ್ಮ ಇರಲಿಲ್ಲ, ದೂರದ ಒಂದು ಮದುವೆಯ ಮನೆಗೆ ಗಂಡಸರ ಕ್ಷೌರಕ್ಕೆಂದು ಹೋಗಿದ್ದ. ಹೋಗುವಾಗ, "ಎರಡು ಗುಂಡಿ ಒಟ್ಟಿಗೆ ಒತ್ತಬೇಕು ಅಕ್ಕ, ಒಂದೇ ಒತ್ತಿದ್ರೆ ತುಂಬಲ್ಲ, ಕೈ ಮುಗೀತೀನಿ" ಎಂದು ನೂರು ಸಲ ಹೇಳಿ ಹೋಗಿದ್ದ. ಅವಳು ಒತ್ತಿದಳು. ಗಿಟಾರ್ ನುಡಿಯುವಷ್ಟು ಹೊತ್ತೂ ಗುಂಡಿ ಮೇಲೆದ್ದೀತೇನೋ ಎಂದು ಅದನ್ನೇ ದಿಟ್ಟಿಸುತ್ತ ಕೂತಳು. ಮುಗಿದ ಮೇಲೆ ತುಂಬಿದೆಯೋ ಇಲ್ಲವೋ ನೋಡೋಣವೆಂದು ಹಚ್ಚಿದಳು. ತುಂಬಿತ್ತು. ಆದರೆ ನಡುವೆ ಎಲ್ಲೋ ಆ ಹಾಳು ಟೇಪ್ ರೆಕಾರ್ಡರು ಗರ್ ಎಂದು ಟೇಪನ್ನು ಒಳಗೆಳೆದುಕೊಂಡು ಜಗಿದುಬಿಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಬಿಡಿಸಿ ನೋಡಿದರೆ ಗೇಣುದ್ದದ ಟೇಪು ಸುಕ್ಕಾಗಿ ಹರಿದಿತ್ತು. ಬೇರೆಯವರಾಗಿದ್ದರೆ ಆ ತುಂಡು ಕತ್ತರಿಸಿ ಎರಡು ತುದಿಗಳನ್ನು ಅಂಟಿಸುತ್ತಿದ್ದರು. ಇವಳು ಹೊಲಿಗೆಯವಳು. ಬಟ್ಟೆ ಹರಿದರೆ ಎಳೆದು ಕೂಡಿಸಬಾರದು, ಗಿಡ್ಡವಾಗುತ್ತದೆ. ಅಷ್ಟೇ ಅಳತೆಯ ತೇಪೆ ಹಾಕಬೇಕು. ಕ್ಯಾಸೆಟ್ಟಿನ ಶುರುವಿನಲ್ಲಿ ಒಂದಿಷ್ಟು ಉದ್ದ ಸದ್ದು ಹಿಡಿಯದ ಬಿಳಿ ಪಟ್ಟಿ ಇರುತ್ತದೆ. ಇನ್ನೊಂದು ಕ್ಯಾಸೆಟ್ಟಿನಿಂದ ಅದನ್ನು ಅಳೆದು ಕತ್ತರಿಸಿ, ಎಳೆತ ತಡೆಯಲೆಂದು ಎರಡೂ ಕಡೆ ಓರೆಯಾಗಿ ಕೊಯ್ದು, ಗಮ್‌ಟೇಪಿನಲ್ಲಿ ಅಂಟಿಸಿದಳು. ಬಂದಕೂಡಲೇ ಹೇಳಿಬಿಡೋಣ, ಬೈದರೆ ಬೈಸಿಕೊಳ್ಳೋಣ ಎಂದೇ ಇದ್ದಳು.

ಅವನು ಬಂದವನು ಚೀಲ ಕೂಡ ಇಳಿಸದೆ ಕ್ಯಾಸೆಟ್ ಹಾಕಿದ. ಆ ಜಾಗ ಬಂತು. ಗಿರಾಕಿಗಳ ಕುರ್ಚಿಯಲ್ಲಿ ಕುಸಿದು ಕೂತು ಕಣ್ಣೊರೆಸಿಕೊಂಡ. "ಅಕ್ಕಾ, ನನ್ನ ಜನ್ಮದಲ್ಲಿ ಇಂಥದ್ದು ಕೇಳಿರಲಿಲ್ಲ" ಎಂದ. ಇನ್ನೇನು ಹೇಳುತ್ತೀರಿ? ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವಳು ನುಂಗಿದಳು. ಆಮೇಲೆ ವರ್ಷಗಟ್ಟಲೆ, ಕುರ್ಚಿಗೆ ಬಂದು ಕೂತ ಒಬ್ಬೊಬ್ಬನಿಗೂ ಅವನು ಆ ತೇಪೆಯನ್ನು ಹೊಗಳುವುದನ್ನು ಪರದೆಯ ಹಿಂದೆ ಕೂತು ಕೇಳಿದಳು. ತನ್ನ ಕೈಕೆಲಸವನ್ನು ಯಾರೂ ಅಷ್ಟು ಹೊಗಳಿದ್ದಿಲ್ಲ. ಆ ಹೊಗಳಿಕೆ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತ್ತು.

ಹೀಗಿರುವಾಗ ತಮ್ಮನ ಕಿವಿ ಕೈಕೊಡತೊಡಗಿತು. ಮೊದಮೊದಲು ಗಿರಾಕಿಗಳು "ಮೀಸೆ ಇರಲಿ" ಎಂದದ್ದು ಕೇಳಿಸದೆ ಒಂದೆರಡು ಮೀಸೆಗಳು ಹೋದವು. ಆಮೇಲೆ ಟೇಪ್ ರೆಕಾರ್ಡರಿನ ಸದ್ದು ಏರುತ್ತ ಏರುತ್ತ ಬೀದಿಯ ಆ ಬದಿಯವರು ಬಂದು ತಗ್ಗಿಸಿ ಎಂದು ಕೇಳಿಕೊಳ್ಳುವಂತಾಯಿತು. ಅಕ್ಕನೇ ಅವನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. "ನರ ಒಣಗ್ತಾ ಬಂದಿದೆ. ಇರೋಷ್ಟು ದಿನ ಇರುತ್ತೆ. ನಡುವೆ ಕಿವಿಯೊಳಗೇ ಏನೋ ಸದ್ದು ಶುರುವಾಗಬಹುದು, ಗಾಬರಿ ಆಗ್ಬೇಡಿ" ಎಂದರು ಡಾಕ್ಟರು.

ಅವನು ಅಳಲಿಲ್ಲ. ಮನೆಗೆ ಬಂದು ಕತ್ತರಿಗಳನ್ನೆಲ್ಲ ಒರೆಸಿಟ್ಟ. "ಕಿವಿ ಹೋದ್ಮೇಲೆ ಏನಿರುತ್ತೆ ಅಕ್ಕ? ಏನೂ ಕೇಳಲ್ಲ, ಅಷ್ಟೇ ತಾನೇ. ಅಜ್ಜ ಅಲ್ಲಿ ನಿಲ್ಲಿಸಿದಾಗ್ಲೂ ಏನೂ ಕೇಳಲ್ಲ. ಅದ್ರಲ್ಲೇ ಇದ್ದೀನಿ ಅಂದ್ಕೊಂಡ್ರೆ ಆಯ್ತು. ನಂಗೆ ಹೆದರಿಕೆ ಇಲ್ಲ" ಎಂದ.

ಹೆದರಿಕೆ ಅವಳಿಗಿತ್ತು. ಮುಂದಿನ ಬದುಕನ್ನೆಲ್ಲ ತಮ್ಮ, ತಾನು ಅಂಟಿಸಿದ ಆ ಗೇಣುದ್ದದ ಬಿಳಿ ಪಟ್ಟಿಯ ಮೇಲೆ ಹೂಡಿ ಕೂತಿದ್ದಾನೆ ಎಂದು ಅವಳಿಗೆ ಅಂದು ತಿಳಿಯಿತು.

ಅಷ್ಟರಲ್ಲೇ ಗೋಡೆಗಳ ಮೇಲೆ ಅಜ್ಜನ ಚಿತ್ರವಿದ್ದ ಪೋಸ್ಟರ್ ಬಿತ್ತು. ಅಜ್ಜ ತನ್ನ ದೇಶದಿಂದ ಇಲ್ಲಿಗೆ ಬರುತ್ತಿದ್ದಾನೆ. ನಿಜವಾಗಿಯೂ ಅಜ್ಜನಾಗಿ, ಬೆಳ್ಳಗಿನ ಕೂದಲು ಹೊತ್ತು, ಕೊನೆಯ ಬಾರಿಗೆ ನುಡಿಸಿ ಗಿಟಾರ್ ಕೆಳಗಿಡಲು. ತಮ್ಮ ಆ ಚಿತ್ರದ ಮುಂದೆ ನಿಂತು, "ಕಟಿಂಗ್ ಸರಿಯಾಗಿ ಮಾಡಿಲ್ಲ ಯಾರೋ ಇವನಿಗೆ" ಎಂದ. ಆಮೇಲೆ, "ಆ ಜಾಗ ಬಂದಾಗ ಅವನ ಕೈ ಎಲ್ಲಿರುತ್ತೆ ನೋಡ್ಬೇಕು ಅಕ್ಕ. ತಂತಿ ಮೇಲಿರುತ್ತೋ, ಗಾಳೀಲಿರುತ್ತೋ" ಎಂದ.

"ಅಷ್ಟು ಜನರ ಮಧ್ಯೆ ಏನ್ ಕೇಳ್ಸುತ್ತೋ? ಕ್ಯಾಸೆಟ್ ಇದೆಯಲ್ಲ, ಸಾಕಲ್ವಾ" ಎಂದು ಅಕ್ಕ ಹೇಳಿ ನೋಡಿದಳು.

"ಜಾತಕ ಸಾಕು, ಹುಡುಗಿ ನೋಡೋದು ಬೇಡ ಅನ್ನೋ ಹಾಗಾಯ್ತು" ಎಂದು ನಕ್ಕ. ಅವನು ಮನಸಾರೆ ನಕ್ಕದ್ದು ಅದೇ ಕೊನೆ ಇರಬೇಕು.

ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತು, ಕಿವಿಯ ಕಾರಣ ಹೇಳಿ ಕೇಳಿಕೊಂಡದ್ದಕ್ಕೆ. ಅಜ್ಜ ನಿಧಾನವಾಗಿ ಬಂದು ಕೂತ, ಮೊಣಕಾಲಿನ ಮೇಲೆ ಒಂದು ಬಟ್ಟೆ ಹಾಸಿಕೊಂಡು ಅದರ ಮೇಲೆ ಗಿಟಾರ್ ಇಟ್ಟುಕೊಂಡ. ಏನೇನೋ ನುಡಿಸಿದ. ಒಳ್ಳೆಯ ಕಿವಿಯನ್ನು ಮುಂದೆ ಮಾಡಿ, ಬಾಯಿ ಅರ್ಧ ತೆರೆದು ತಮ್ಮ ಕೂತಿದ್ದ. ಕೊನೆಯಲ್ಲಿ ಆ ವಾದನ ಶುರುವಾಯಿತು. ತಮ್ಮನ ಕೈ ಬಂದು ಅಕ್ಕನ ಮಣಿಕಟ್ಟು ಹಿಡಿಯಿತು. ರಾಗ ಏರಿತು. ಅವಳು ಕಣ್ಣು ಮುಚ್ಚಿ, ದೇವರೇ ಒಂದು ತಂತಿ ಹರಿಯಲಿ, ಮುದುಕನಿಗೊಂದು ಕೆಮ್ಮು ಬರಲಿ ಎಂದು ಬೇಡಿಕೊಂಡಳು. ತಂತಿ ಹರಿಯಲಿಲ್ಲ. ಅಜ್ಜ ನಿಲ್ಲಿಸಲಿಲ್ಲ. ಆ ಜಾಗವನ್ನು ನುಡಿಸಿಕೊಂಡೇ ದಾಟಿಹೋದ. ಮಣಿಕಟ್ಟಿನ ಮೇಲಿನ ಹಿಡಿತ ಸಡಿಲಿತು.

ವಾಪಸ್ ಬರುವ ಬಸ್ಸಿನಲ್ಲಿ ತಮ್ಮ ಕಿಟಕಿಯ ಕಡೆಗೇ ತಿರುಗಿ ಕೂತಿದ್ದ. ಆಮೇಲೆ ಕೇಳಿದ. "ಅಕ್ಕ, ನಿಲ್ಲಿಸಿದ್ನಾ?"

ನಿಜ ಹೇಳಲು ಅದೊಂದು ಹೊತ್ತಿತ್ತು. ಆದರೆ ಅವನ ಮುಖ ನೋಡಿದಳು. ನಿಲ್ಲಿಸಲಿಲ್ಲ ಎಂದರೆ ಅವನು ಇಟ್ಟುಕೊಂಡಿದ್ದ ಒಂದೇ ಒಂದು ಧೈರ್ಯ ಹೋಗುತ್ತದೆ. "ನಿಲ್ಲಿಸಿದ್ನಲ್ಲೋ" ಎಂದಳು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ. "ಕ್ಯಾಸೆಟ್ಟಲ್ಲಿರೋ ಹಾಗೇ."

"ನಂಗೆ ಅಲ್ಲಿ ಏನೋ ಸದ್ದಿತ್ತು."

"ಡಾಕ್ಟರು ಹೇಳಿರಲಿಲ್ವಾ, ಕಿವಿಯೊಳಗೇ ಸದ್ದು ಬರುತ್ತೆ ಅಂತ."

ಅವನು ತಲೆಯಾಡಿಸಿ ಮತ್ತೆ ಕಿಟಕಿಗೆ ತಿರುಗಿದ. ಹೆಗಲು ಅಲುಗುತ್ತಿದ್ದದ್ದು ಬಸ್ಸಿನ ಕುಲುಕಾಟಕ್ಕಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಒಳ್ಳೆಯದು ಮಾಡಹೋಗಿ ಅವಳು ಅವನ ಕೈಯಲ್ಲಿದ್ದದ್ದನ್ನೂ ಕಿತ್ತುಕೊಂಡಿದ್ದಳು. ಕಿವಿ ಹೋಗುವುದಕ್ಕೆ ಅವನು ತಯಾರಾಗಿದ್ದ, ಆ ನಿಶ್ಶಬ್ದವೂ ಸಿಗುವುದಿಲ್ಲ ಎನ್ನುವುದಕ್ಕೆ ತಯಾರಾಗಿರಲಿಲ್ಲ.

ಮರುದಿನದಿಂದ ಟೇಪ್ ರೆಕಾರ್ಡರಿನ ಮುಸುಕು ತೆಗೆಯಲಿಲ್ಲ. ದೊಡ್ಡಪ್ಪ, ಮಾವ, ಚಿಕ್ಕಮ್ಮ, ಭಾವ ಯಾರೂ ಬರಲಿಲ್ಲ. ಗಿರಾಕಿಗಳು ತಾವಾಗಿಯೇ, "ಏನಪ್ಪಾ, ಅಜ್ಜನ್ನ ಹಾಕಲ್ವಾ" ಎಂದು ಕೇಳಿದರು. ವರ್ಷಗಟ್ಟಲೆ ಕಾಟ ಎಂದುಕೊಂಡದ್ದು ಇಲ್ಲವಾದಾಗ ಅಂಗಡಿ ಬಿಕೋ ಎನ್ನುತ್ತಿತ್ತು. ತಮ್ಮ ಮಾತ್ರ, "ಅಜ್ಜ ಸುಮ್ಮನಿದ್ರೂ ನನ್ನ ಕಿವಿ ಸುಮ್ಮನಿರಲ್ಲ. ಹಾಕಿ ಏನ್ ಮಾಡ್ಲಿ" ಎಂದ. ಪರದೆಯ ಹಿಂದೆ ಅಕ್ಕನ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ಮೇಷ್ಟ್ರು ಹಟ ಹಿಡಿದರು. ಮುಖದ ಅರ್ಧಕ್ಕೆ ಕತ್ತಿ ಆಡಿಸಿಯಾಗಿತ್ತು, ಇನ್ನರ್ಧದಲ್ಲಿ ನೊರೆ. "ನಿನಗೆ ಬೇಡದಿದ್ರೆ ಬೇಡ, ನನಗೆ ಹಾಕು" ಎಂದು ತಾವೇ ಕೈ ಚಾಚಿ ಗುಂಡಿ ಒತ್ತಿಬಿಟ್ಟರು. ತಮ್ಮ ತಡೆಯಲಿಲ್ಲ. ಬಗ್ಗಿ, ಟೇಪ್ ರೆಕಾರ್ಡರಿಗೇ ಕಿವಿ ಅಂಟಿಸಿ ನಿಂತ. ಆ ಜಾಗ ಬಂತು. ಸ್ವಚ್ಛವಾಗಿ, ಏನೂ ಕೇಳಿಸದೆ ಬಂತು. ಸಭಾಂಗಣದಲ್ಲಿ ಅದೇ ಜಾಗದಲ್ಲಿ ಕೇಳಿದ್ದ ಸದ್ದು ಇಲ್ಲಿಲ್ಲ, ಕಿವಿಯೊಳಗೆ ಯಾವ ಸದ್ದೂ ಇರಲಿಲ್ಲ.

ಅವನು ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ, ಇನ್ನೊಮ್ಮೆ ಹಾಕಿದ. ಆಮೇಲೆ ಕ್ಯಾಸೆಟ್ ಹೊರಗೆ ತೆಗೆದು, ಕೂದಲು ಕತ್ತರಿಸುವ ಮಿಷನ್ನನ್ನು ಬಿಗಿಮಾಡುವ ಪುಟ್ಟ ಸ್ಕ್ರೂಡ್ರೈವರಿನಿಂದ ಅದರ ತಿರುಪುಗಳನ್ನು ಬಿಚ್ಚಿದ. ಅಷ್ಟು ವರ್ಷದಲ್ಲಿ ಒಮ್ಮೆಯೂ ಬಿಚ್ಚಿದ್ದಿಲ್ಲ. ದೇವರ ಕೋಣೆಯಲ್ಲಿ ಯಾರಾದರೂ ನೆಲ ಅಗೆದು ನೋಡುತ್ತಾರೆಯೇ? ಕಂದು ಟೇಪಿನ ಸುರುಳಿ ಬಿಡಿಸುತ್ತ ಹೋದಾಗ ಬಿಳಿ ಪಟ್ಟಿ ಸಿಕ್ಕಿತು. ಎರಡೂ ತುದಿಗಳಲ್ಲಿ ಓರೆಯಾದ ಕತ್ತರಿಯ ಗುರುತು, ಎಳೆ ಎದ್ದಿಲ್ಲ, ಅಂಚು ಮೀರಿಲ್ಲ. ಈ ಊರಲ್ಲಿ ಹಾಗೆ ತೇಪೆ ಹಾಕುವ ಕೈ ಒಂದೇ.

ಪರದೆ ಸರಿಯಿತು. ಅಕ್ಕ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಕೂತಿದ್ದಳು. ಅವನ ಕೈಯಲ್ಲಿ ಜೋತಾಡುತ್ತಿದ್ದ ಟೇಪು ನೋಡಿದಳು.

"ಅಂದ್ರೆ ಅವನು ನಿಲ್ಲಿಸ್ಲಿಲ್ಲ" ಎಂದ ತಮ್ಮ. "ನನ್ನ ಕಿವಿ ಸರಿಯಾಗೇ ಕೇಳಿತ್ತು."

ಅವಳು ಹೌದೆಂದು ತಲೆ ಅಲ್ಲಾಡಿಸಿದಳು.

ಬೈಯುತ್ತಾನೆ ಎಂದು ಕಾದಳು. ಬೈಯಬೇಕಿತ್ತು; ಬೈದಿದ್ದರೆ ಅವಳ ಪಾಲಿಗೆ ಅದು ಮುಗಿದುಹೋಗುತ್ತಿತ್ತು. ಅವನು ಅವಳ ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಸರಿಸಿ ಕೂತ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹಸಿವಿನಂಥದ್ದು ಏನೋ.

"ಹಾಗಾದ್ರೆ ಅಲ್ಲೇನಿತ್ತು ಅಕ್ಕ?"

"ಏನು?"

"ನೀನು ಕತ್ತರಿಸಿದ ತುಂಡಲ್ಲಿ. ಅವತ್ತು ಅವನು ನುಡಿಸಿದ, ನಾನು ಎದುರಿಗೇ ಇದ್ದೆ. ಆದ್ರೆ ಯಾವಾಗ ನಿಲ್ಲಿಸ್ತಾನೆ, ಯಾವಾಗ ನಿಲ್ಲಿಸ್ತಾನೆ ಅಂತ ಕಾಯ್ತಾ ಕಾಯ್ತಾ ಅದನ್ನ ಕೇಳಲೇ ಇಲ್ಲ. ಅಷ್ಟು ಹತ್ತಿರ ಬಂದು ಹೋಯ್ತು. ನೀನು ಕೇಳಿದ್ದೀಯಲ್ಲ. ರೇಡಿಯೋದಲ್ಲಿ ಒಂದ್ಸಲ, ಅಲ್ಲೊಂದ್ಸಲ. ಹೇಗಿತ್ತು, ಒಂಚೂರು ಗುನುಗು."

ಅವಳು ಬಾಯಿ ತೆರೆದಳು. ರೇಡಿಯೋ ಮುಂದೆ ಕೂತಿದ್ದಾಗ ಅವಳಿಗೆ ಕಂಡಿದ್ದದ್ದು ಒತ್ತಿದ ಎರಡು ಗುಂಡಿಗಳು. ಸಭಾಂಗಣದಲ್ಲಿ ಕೇಳಿಸಿದ್ದದ್ದು ತನ್ನದೇ ಎದೆಯ ಬಡಿತ. ಎರಡು ಸಲವೂ ಅದು ಅವಳ ಕಿವಿಯ ಮುಂದೆಯೇ ಹಾದುಹೋಗಿತ್ತು, ಎರಡು ಸಲವೂ ಭಯ ಅದನ್ನು ಒಳಗೆ ಬಿಟ್ಟಿರಲಿಲ್ಲ.

"ನಾನೂ ಕೇಳಲಿಲ್ಲ ಕಣೋ" ಎಂದಳು.

"ಆಂ?" ಅವನು ಕಿವಿಗೆ ಕೈಯಿಟ್ಟು ಬಗ್ಗಿದ.

"ನಾನೂ ಕೇಳಲಿಲ್ಲ."

"ಗಟ್ಟಿಯಾಗಿ ಹೇಳು."

ಅವಳು ಕೂಗಿ ಹೇಳಿದಳು. ಪರದೆಯ ಆಚೆ ಅರ್ಧ ಮುಖದ ನೊರೆ ಒಣಗಿಸಿಕೊಂಡು ಕೂತಿದ್ದ ಮೇಷ್ಟ್ರಿಗೂ ಕೇಳಿತು, ಬೀದಿಯಲ್ಲಿ ಹೋಗುತ್ತಿದ್ದವರಿಗೂ ಕೇಳಿತು. ತಮ್ಮ ಎದ್ದು ಹೋಗಿ ಮೇಷ್ಟ್ರ ಉಳಿದ ಕೆನ್ನೆಗೆ ಹೊಸ ನೊರೆ ಹಚ್ಚಿದ.

ಮೇಷ್ಟ್ರು ತಮ್ಮ ಕೈಲಾದದ್ದು ಮಾಡಿದರು. ರೇಡಿಯೋದವರನ್ನು ವಿಚಾರಿಸಿದರು, ಅಂಥ ಹಳೆಯ ಟೇಪುಗಳ ಮೇಲೆ ಎಂದೋ ಬೇರೆ ಕಾರ್ಯಕ್ರಮಗಳನ್ನು ತುಂಬಿಸಿಯಾಗಿತ್ತು. ಸಭಾಂಗಣದಲ್ಲಿ ಯಾರೂ ರೆಕಾರ್ಡ್ ಮಾಡಿಕೊಳ್ಳುವಂತಿರಲಿಲ್ಲ. ಅಜ್ಜ ತನ್ನ ದೇಶಕ್ಕೆ ಹೊರಟುಹೋಗಿದ್ದ, ಆ ಚಳಿಗಾಲದಲ್ಲೇ ತೀರಿಕೊಂಡನೆಂದು ಪತ್ರಿಕೆಯ ಮೂಲೆಯಲ್ಲಿ ಬಂತು.

"ನೀನೇ ಗುನುಗು ಅಕ್ಕ" ಎಂದ ತಮ್ಮ. "ನಿಂಗೆ ಗೊತ್ತಿಲ್ಲದೇ ಕಿವೀಲಿ ಎಲ್ಲೋ ಉಳಿದಿರುತ್ತೆ. ಕೇಳಿದ್ರೆ ನಾನು ಗುರುತು ಹಿಡೀತೀನಿ." ಅಂದಿನಿಂದ ದಿನಾ ಸಂಜೆ ಅಂಗಡಿಯ ಬಾಗಿಲು ಹಾಕಿ, ಗಿರಾಕಿಗಳ ಕುರ್ಚಿಯಲ್ಲಿ ಅವನು ಕೂರುತ್ತಿದ್ದ, ಒಳ್ಳೆಯ ಕಿವಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಅವಳು. ಜನ್ಮದಲ್ಲಿ ಹಾಡಿದವಳಲ್ಲ. ರಾಗ ಏರುವಲ್ಲಿಂದ ಶುರುಮಾಡಿ, ಆ ಜಾಗಕ್ಕೆ ಬಂದಾಗ ಬಾಯಿಗೆ ಬಂದದ್ದನ್ನು ಗುನುಗುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೇಳಿ, ಇದಲ್ಲ ಎಂದು ತಲೆಯಾಡಿಸುತ್ತಿದ್ದ. ಅವಳು ಇನ್ನೊಂದು ಥರ ಗುನುಗುತ್ತಿದ್ದಳು, ಅದೂ ಅಲ್ಲ. ದಿನ ಕಳೆದಂತೆ ಅವಳ ದನಿ ಗಟ್ಟಿಯಾಗುತ್ತ ಹೋಯಿತು, ನಾಚಿಕೆ ಹೋಯಿತು, ಪಕ್ಕದ ಮನೆಯವರು ನಗುವುದೂ ನಿಂತಿತು.

ಒಂದು ಸಂಜೆ ಅವಳು ಗುನುಗಿದಾಗ ಅವನು ತಲೆಯಾಡಿಸಲಿಲ್ಲ. ಕಣ್ಣು ಮುಚ್ಚಿಯೇ ಇದ್ದ, ಮುಖ ಶಾಂತವಾಗಿತ್ತು. ಸಿಕ್ಕಿತು ಎಂದುಕೊಂಡಳು. ಮರೆತುಹೋಗುವ ಮೊದಲು ಅದನ್ನೇ ಮತ್ತೊಮ್ಮೆ ಗುನುಗಿದಳು, ಕಣ್ಣೀರು ಒರೆಸಿಕೊಳ್ಳುತ್ತ ಇನ್ನೊಮ್ಮೆ ಗುನುಗಿದಳು.

ಅವನು ಕಣ್ಣು ತೆರೆದು ಅವಳ ಕಡೆ ನೋಡಿದ.

"ಯಾಕಕ್ಕ" ಎಂದ, "ಇವತ್ತು ಗುನುಗಲ್ವಾ?"